ಕುಕ್ಕದೆ ಕೂತ ಕಾಂಕ್ರೀಟು

ನಮ್ಮ ತಂದೆಯವರ ಸಮಾಧಿಯನ್ನು ಯಾವ ವಸ್ತುವಿನಿಂದ, ಯಾವ ವಿಧಾನದಲ್ಲಿ ಮತ್ತು ಯಾವ ಕಾರಣಕ್ಕಾಗಿ ಕಟ್ಟಲಾಯಿತು ಎಂಬುದು ಈ ಬರಹದ ವಿಷಯ. ನಾನು ಬಿಡದಿಯ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ರೆಡಿಮಿಕ್ಸ್ ಕಾಂಕ್ರೀಟ್ ಘಟಕದ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಇದುವರೆಗೆ ನಾನು ಬರೆದಿರುವುದೆಲ್ಲ ಗುತ್ತಿಗೆದಾರರಿಗೂ ಎಂಜಿನಿಯರುಗಳಿಗೂ ಕಳುಹಿಸುವ ಪತ್ರಗಳೇ. ಈ ವಿಷಯವನ್ನು ಬೇರೆ ಧಾಟಿಯಲ್ಲಿ ಹೇಳಲು ಹೊರಟಾಗಲೆಲ್ಲ ಕೈ ನಿಂತುಹೋಗಿರುವುದರಿಂದ, ಗೊತ್ತಿರುವ ಧಾಟಿಯಲ್ಲಿಯೇ ಬರೆಯುತ್ತಿದ್ದೇನೆ.

ತಂದೆಯವರು ರಾಮನಗರದಲ್ಲಿ ರೇಷ್ಮೆಗೂಡು ತೂಗುವ ಕೆಲಸದಲ್ಲಿದ್ದು ವಯಸ್ಸಾದ ಮೇಲೆ ಬಿಟ್ಟವರು. ಕೈಲಾಂಚದ ರಸ್ತೆ ಬದಿಯಲ್ಲಿ ತಾವೇ ನಿಂತು ಮನೆ ಕಟ್ಟಿಸಿದ್ದರು. ಆ ಮನೆಗೆ ತಾರಸಿ ಹಾಕಿದ ದಿನ ನನಗೆ ಅಲ್ಪಸ್ವಲ್ಪ ನೆನಪಿದೆ. ನಮ್ಮ ಕಡೆ ಅದಕ್ಕೆ ಮೋಲ್ಡ್ ಹಾಕುವುದು ಎನ್ನುತ್ತಾರೆ. ಹೆಂಗಸರು ಬಾಣಲಿ ದಾಟಿಸುತ್ತಿದ್ದರು. ತಾಯಿಯವರು ಹಿತ್ತಲಿನಲ್ಲಿ ಆಳುಗಳಿಗೆಂದು ಮುದ್ದೆ ತೊಳಸುತ್ತಿದ್ದರು, ಕೋಳಿ ಸಾರು ಕುದಿಯುತ್ತಿತ್ತು. ತಂದೆಯವರು ರಜೆ ಹಾಕಿ, ಪಂಚೆ ಎತ್ತಿಕಟ್ಟಿ, ಒಂದು ಕಬ್ಬಿಣದ ಕಂಬಿ ಹಿಡಿದು ಸಂಜೆಯವರೆಗೂ ಹಸಿ ಕಾಂಕ್ರೀಟನ್ನು ಕುಕ್ಕುತ್ತಿದ್ದರು. ಹಾಗೆ ಕುಕ್ಕದಿದ್ದರೆ ಒಳಗೆ ಗಾಳಿ ಉಳಿದು, ಕಂಬಿಗಳ ಸಂದಿಗೆ ಗಾರೆ ಇಳಿಯದೆ, ತಾರಸಿ ಟೊಳ್ಳಾಗುತ್ತದೆ. ಆಳುಗಳಿದ್ದರೂ ಆ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡಲಿಲ್ಲ. ಗುಜುಕ್, ಗುಜುಕ್ ಎಂಬ ಆ ಸದ್ದು ಕೆಳಗೆ ನಿಂತಿದ್ದ ನನಗೆ ಕೇಳಿಸುತ್ತಿತ್ತು.

ತಂದೆಯವರು ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಕುಸಿದು ಕುಳಿತರು. ರಾಮನಗರದ ಒಂದು ಆಸ್ಪತ್ರೆಗೆ ಕರೆದೊಯ್ದೆವು. ತಾಯಿಯವರು ಅವರ ಜೊತೆ ಒಳಗೆ ಹೋದರು, ನಾನು ಹೊರಗೆ ಕೌಂಟರಿನಲ್ಲಿ ಅವರ ವಯಸ್ಸು, ವಿಳಾಸ ಹೇಳುತ್ತ ನಿಂತೆ. ಹೇಳಿ ಮುಗಿಸುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಅವರನ್ನು ನಮ್ಮ ಪದ್ಧತಿಯಂತೆ ನಮ್ಮದೇ ಹಿಪ್ಪುನೇರಳೆ ತೋಟದ ಅಂಚಿನಲ್ಲಿ, ದಕ್ಷಿಣಕ್ಕೆ ತಲೆ ಮಾಡಿ ಮಣ್ಣು ಮಾಡಲಾಯಿತು. ನಾನು ಒಬ್ಬಳೇ ಮಗಳಾದ ಕಾರಣ ಚಿಕ್ಕಪ್ಪನವರು ಕ್ರಿಯೆಗಳನ್ನು ನಡೆಸಿದರು. ನಾನು ಅಳಲಿಲ್ಲ. ಯಾಕೆ ಎಂದು ಕೆಲವರು ನನ್ನೆದುರಿಗೇ ಕೇಳಿದರು.

ಹಾಲು ತುಪ್ಪ ಬಿಟ್ಟು, ತಿಥಿ ಮುಗಿಸಿ ಕೆಲವು ತಿಂಗಳಾದ ಮೇಲೆ ರಸ್ತೆ ಅಗಲೀಕರಣದ ಗುರುತು ನಮ್ಮ ಮನೆಯ ನಡುಕೋಣೆಯವರೆಗೆ ಬಂತು. ಮುಂಭಾಗ ಹೋದ ಮೇಲೆ ಉಳಿದ ಗೋಡೆಗಳೂ ಬಿರುಕು ಬಿಟ್ಟಿದ್ದರಿಂದ ಪೂರ್ತಿ ಕೆಡವಿಸಿದೆವು. ತಾಯಿಯವರೂ ನಾನೂ ರಾಮನಗರದಲ್ಲಿ ಬಾಡಿಗೆ ಮನೆ ಹಿಡಿದೆವು. ಕೆಡವಿದ ಮನೆಯ ರಾಶಿಯನ್ನು ಸಾಮಾನ್ಯವಾಗಿ ಯಾವುದಾದರೂ ಕೆರೆಯ ಅಂಚಿಗೆ ಸುರಿದುಬಿಡುತ್ತಾರೆ. ನಾನು ಲಾರಿಯವನಿಗೆ ಬಿಡದಿಯ ನಮ್ಮ ಘಟಕಕ್ಕೆ ಹೋಗಲು ತಿಳಿಸಿದೆ.

ಅದಕ್ಕೆ ಕಾರಣವಿತ್ತು. ಕೆಡವಿದ ಕಟ್ಟಡಗಳ ತಾರಸಿ, ಕಂಬಗಳನ್ನು ಒಡೆದು ಜಲ್ಲಿ ಮಾಡಿ, ಅದನ್ನು ಹೊಸ ಬಗೆಯ ಕಾಂಕ್ರೀಟಿನಲ್ಲಿ ಬಳಸುವ ಪ್ರಯೋಗವು ಆಗ ನಮ್ಮಲ್ಲಿ ನಡೆಯುತ್ತಿತ್ತು. ಈ ಕಾಂಕ್ರೀಟನ್ನು ಕುಕ್ಕಬೇಕಿಲ್ಲ, ಯಂತ್ರದಿಂದ ಅದುರಿಸಬೇಕಿಲ್ಲ. ಅದು ರಾಗಿ ಅಂಬಲಿಯಂತೆ ಹರಿದು, ತನ್ನ ಭಾರಕ್ಕೆ ತಾನೇ ಮೂಲೆಮೂಲೆಗೂ ಇಳಿದು ಕೂರುತ್ತದೆ. ಹಿಂದೊಮ್ಮೆ ಸೂಚನಾ ಫಲಕಕ್ಕಾಗಿ ನಾನು ಅದಕ್ಕೆ ‘ಸ್ವಯಂ ಸಾಂದ್ರಣ ಕಾಂಕ್ರೀಟು’ ಎಂದು ಹೆಸರು ಬರೆದುಕೊಟ್ಟಿದ್ದೆ. ಯಾರಿಗೂ ಅರ್ಥವಾಗಲಿಲ್ಲ. ಘಟಕದ ಆಳುಗಳು ತಮ್ಮಷ್ಟಕ್ಕೆ ಅದನ್ನು ‘ತಾನೇ ಕೂರೋ ಕಾಂಕ್ರೀಟು’ ಎಂದು ಕರೆದುಕೊಂಡರು. ಈಗ ನಾನೂ ಹಾಗೆಯೇ ಕರೆಯುತ್ತೇನೆ.

ನಮ್ಮ ಮನೆ ಘಟಕದ ಅಂಗಳದಲ್ಲಿ ರಾಶಿಯಾಗಿ ಬಿತ್ತು. ತಿಳಿನೀಲಿ ಸುಣ್ಣ ಬಳಿದ ಚೂರುಗಳು, ನಡುಮನೆಯ ಕೆಂಪು ನೆಲದ ಚಕ್ಕೆಗಳು. ಇಟ್ಟಿಗೆ, ಮಣ್ಣು, ಮರ ಬೇರ್ಪಡಿಸಿ, ತಾರಸಿಯ ತುಂಡುಗಳನ್ನು ಮಾತ್ರ ಒಡೆಯುವ ಯಂತ್ರಕ್ಕೆ ಹಾಕಲಾಯಿತು. ಚೀಲಗಳಿಗೆ ತುಂಬಿಸಿ, ‘ಮೂಲ: ವಾಸದ ಮನೆ, ತಾರಸಿ’ ಎಂಬ ಚೀಟಿಯನ್ನು ನಾನೇ ಅಂಟಿಸಿದೆ. ಬರೆಯುವಾಗ ಏನೂ ಅನ್ನಿಸಲಿಲ್ಲ. ಸಹೋದ್ಯೋಗಿಯೊಬ್ಬರು ಚಹಾ ತಂದುಕೊಟ್ಟರು, ಕುಡಿದೆ.

ಸದರಿ ಜಲ್ಲಿಗೆ ಒಂದು ಗುಣವಿದೆ, ಮುಂದಿನ ಸಂಗತಿಗೆ ಅದು ಮುಖ್ಯ. ಹಳೆಯ ಗಾರೆ ಇನ್ನೂ ಅಂಟಿಕೊಂಡಿರುವುದರಿಂದ ಅದು ನೀರು ಕುಡಿಯುತ್ತದೆ. ಹೊಸ ಜಲ್ಲಿಗಿಂತ ಬಹಳ ಹೆಚ್ಚು ಕುಡಿಯುತ್ತದೆ. ಒಣಗಿದ್ದಾಗಲೇ ಬೆರೆಸಿದರೆ ಕಾಂಕ್ರೀಟಿನಲ್ಲಿರುವ ನೀರನ್ನು ಎಳೆದುಕೊಂಡು ಮಿಶ್ರಣವನ್ನು ಬಿಗಿಯಾಗಿಸುತ್ತದೆ. ಆಗ ಅದು ಹರಿಯುವುದಿಲ್ಲ, ತಾನೇ ಕೂರುವುದೂ ಇಲ್ಲ, ಕುಕ್ಕಲೇಬೇಕಾಗುತ್ತದೆ. ಆದ್ದರಿಂದ ಮುಂಚಿತವಾಗಿ ನೆನೆಸಿ, ಬಸಿದು, ಒದ್ದೆ ಗೋಣಿ ಮುಚ್ಚಿಡಬೇಕು.

ಅಷ್ಟರಲ್ಲಿ ವರ್ಷದ ತಿಥಿ ಹತ್ತಿರ ಬರುತ್ತಿತ್ತು. ಮಣ್ಣು ಮಾಡಿದ ಗುಡ್ಡೆ ಒಂದು ಮಳೆಗಾಲ ಕಳೆದು ಕೂತ ಮೇಲೆ, ವರ್ಷ ತುಂಬುವುದರೊಳಗೆ ಅದರ ಮೇಲೆ ಸಮಾಧಿ ಕಟ್ಟಿಸುವುದು ನಮ್ಮಲ್ಲಿ ರೂಢಿ. ಚಿಕ್ಕಪ್ಪನವರು ಈ ಬಗ್ಗೆ ಹಲವು ಬಾರಿ ಬಂದು ಕೇಳಿದರು. ತಾಯಿಯವರು ಪ್ರತಿ ಬಾರಿಯೂ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದರು.

“ಅತ್ಗೆ, ಅಣ್ಣನ ಗುಡ್ಡೆ ಮ್ಯಾಲೆ ಗರಿಕೆ ಬೆಳ್ದು ಕುರಿ ಮೇಯ್ತಾವೆ. ಊರೋರು ನನ್ ಮಕ ನೋಡಿ ಕೇಳ್ತಾವ್ರೆ,” ಎಂದು ಅವರು ಒಮ್ಮೆ ಅಡುಗೆಮನೆಯ ಕಡೆಗೆ ತಿರುಗಿ ಹೇಳಿದರು. ಒಳಗಿನಿಂದ ಪಾತ್ರೆಯ ಸದ್ದು ಬಂತು. ಹೋಗುವಾಗ ನನ್ನೊಡನೆ, ಸಮಾಧಿ ಇಲ್ಲದ ಗುಡ್ಡೆಯ ಮುಂದೆ ವರ್ಷದ ಎಡೆ ಇಡುವುದು ಹೇಗೆ ಎಂದು ಬೇಸರಪಟ್ಟುಕೊಂಡರು. ನನಗೂ ಕಾರಣ ತಿಳಿದಿರಲಿಲ್ಲ. ಮನೆಯೂ ಹೋದ ದುಃಖವಿರಬಹುದು ಎಂದು ಭಾವಿಸಿದ್ದೆ.

ಒಂದು ಭಾನುವಾರ ನಾವಿಬ್ಬರೂ ಅವರೆಕಾಯಿ ಸುಲಿಯುತ್ತ ಕುಳಿತಿದ್ದಾಗ ತಾಯಿಯವರು ತಾವಾಗಿ ಮಾತೆತ್ತಿದರು.

“ಸಮಾಧಿ ಅಂದ್ರೆ ಕಾಂಕ್ರೀಟು ಹಾಕಿ ಕಂಬೀಲಿ ಕುಕ್ತಾರಲ್ಲ?”

ಕುಕ್ಕುತ್ತಾರೆ ಎಂದೆ.

“ಆಸ್ಪತ್ರೇಲಿ ಅವ್ರ ಎದೆ ಮೇಲೆ ಎರಡೂ ಕೈಲಿ ಗುದ್ದಿದ್ರು. ಪರದೆ ಸಂದೀಲಿ ನೋಡ್ದೆ. ಸಾಕು ಬುಡ್ರಪ್ಪಾ ಅಂದೆ, ಯಾರೂ ಕೇಳಿಸ್ಕಳ್ಳಿಲ್ಲ. ಇನ್ನು ಅವ್ರ ಮೇಲೆ ಯಾರೂ ಏನೂ ಕುಕ್ಬಾರ್ದು.”

ಹೀಗೆ ಹೇಳಿ ಅವರು ಸಿಪ್ಪೆಯನ್ನು ಒಂದು ಕಡೆ, ಕಾಳನ್ನು ಒಂದು ಕಡೆ ಹಾಕುವುದನ್ನು ಮುಂದುವರಿಸಿದರು. ಜೀವ ಉಳಿಸಲೆಂದೇ ವೈದ್ಯರು ಹಾಗೆ ಒತ್ತುತ್ತಾರೆ ಎಂದು ನಾನು ವಿವರಿಸಬಹುದಿತ್ತು. ಅದು ಅವರಿಗೂ ಗೊತ್ತಿತ್ತು. ನಾನು ಕೌಂಟರಿನಲ್ಲಿ ವಿಳಾಸ ಹೇಳುತ್ತಿದ್ದ ಹೊತ್ತಿನಲ್ಲಿ ಪರದೆಯ ಆಚೆ ಏನು ನಡೆಯಿತು ಎಂಬುದು ಅಂದು ಮೊದಲ ಬಾರಿಗೆ ನನಗೆ ತಿಳಿಯಿತು. ಕೈಯಲ್ಲಿದ್ದ ಕಾಯನ್ನು ಸುಲಿದೆ. ಇನ್ನೊಂದನ್ನು ತೆಗೆದುಕೊಂಡೆ. “ಕುಕ್ದೇ ಹಾಕೋ ಕಾಂಕ್ರೀಟೂ ಐತೆ ಕಣಮ್ಮ,” ಎಂದೆ. “ನಮ್ಮಲ್ಲೇ ಮಾಡ್ತೀವಿ. ನಮ್ ಮನೆ ತಾರಸಿ ಜಲ್ಲೀನೇ ಐತೆ.”

ತಾಯಿಯವರು ತಲೆ ಎತ್ತಿ ನೋಡಿದರು. ನಿಜವಾಗಿಯೂ ಕುಕ್ಕುವುದಿಲ್ಲವೇ ಎಂದು ಮತ್ತೆ ಕೇಳಿದರು. ಕುಕ್ಕುವುದಿಲ್ಲ ಎಂದು ದೃಢಪಡಿಸಿದೆ. ಹಾಗಾದರೆ ಕಟ್ಟಿಸೋಣ ಎಂದರು.

ಪ್ರಯೋಗಕ್ಕೆ ಬಳಸಿ ಉಳಿದಿದ್ದ ಚೀಲಗಳನ್ನು ಒಯ್ಯಲು ಘಟಕದ ವ್ಯವಸ್ಥಾಪಕರು ಅನುಮತಿ ನೀಡಿದರು. ಬಾಡಿಗೆಗೆ ಒಂದು ಸಣ್ಣ ಮಿಕ್ಸರ್ ಯಂತ್ರವನ್ನು ಗೊತ್ತು ಮಾಡಿದೆ. ಆಕ್ಷೇಪಣೆ ಬಂದದ್ದು ಚಿಕ್ಕಪ್ಪನವರಿಂದ. ಕೆಡವಿದ ಮನೆಯ ಕಲ್ಲನ್ನು ಯಾರಾದರೂ ಸಮಾಧಿಗೆ ಹಾಕುತ್ತಾರೆಯೇ, ಜನ ಏನೆನ್ನುತ್ತಾರೆ, ಒಂದು ಲೋಡು ಹೊಸ ಜಲ್ಲಿ ತರಿಸಲು ನಮಗೆ ಗತಿಯಿಲ್ಲವೇ ಎಂಬುದು ಅವರ ವಾದ. ತಮ್ಮ ಅಣ್ಣನವರ ಮೇಲಿನ ಗೌರವದಿಂದಲೇ ಅವರು ಹಾಗೆ ಹೇಳಿದ್ದು. ತಾಯಿಯವರು ಕೇಳಿಸಿಕೊಂಡು ಒಂದೇ ಮಾತು ಹೇಳಿದರು.

“ಆ ಕಲ್ಲ ಒಂದ್ಸಲ ಅವ್ರೇ ಕುಕ್ಕವ್ರೆ. ಸಾಕು.”

ಚಿಕ್ಕಪ್ಪನವರು ಮತ್ತೆ ಆ ವಿಷಯ ಎತ್ತಲಿಲ್ಲ.

ಸಮಾಧಿ ಕಟ್ಟಲು ಒಪ್ಪಿಕೊಂಡ ಮೇಸ್ತ್ರಿ ನಮ್ಮೂರಿನವರೇ, ಚಿಕ್ಕಪ್ಪನವರ ಓರಗೆಯವರು. ಗುಡ್ಡೆಯನ್ನು ಮಟ್ಟ ಮಾಡಿ, ಸುತ್ತ ಮೊಣಕಾಲೆತ್ತರಕ್ಕೆ ಹಲಗೆ ಕಟ್ಟಿ, ಒಳಗೆ ಕಂಬಿಯ ಬಲೆ ಇಟ್ಟಿದ್ದರು. ಹಲಗೆಗಳ ಸಂದು ಎಲ್ಲ ಕೆಲಸದಲ್ಲೂ ಇರುವಂತೆಯೇ ಇತ್ತು. ಈ ಕಾಂಕ್ರೀಟು ನೀರಿನಂತೆ ಸಂದಿಯಲ್ಲಿ ಸೋರಿಹೋಗುವುದರಿಂದ ಎಲ್ಲವನ್ನೂ ಮುಚ್ಚಬೇಕು ಎಂದು ಕೋರಿದೆ. ಅವರು ನಗುತ್ತಲೇ ಸಿಮೆಂಟು ಚೀಲದ ಕಾಗದ ತುರುಕಿ, ಮೇಲೆ ಜೇಡಿಮಣ್ಣು ಮೆತ್ತಿದರು. ಕುಕ್ಕುವ ಕೆಲಸ ಇಲ್ಲ ಎಂದು ನಾನು ವಿವರಿಸಿದಾಗ ಬಹಳ ಹೊತ್ತು ಯೋಚಿಸಿದರು.

“ಗೊತ್ತಾಯ್ತು ಕಣವ್ವ,” ಎಂದರು ಕೊನೆಗೆ. “ನಮ್ಮನೆ ಅಳಿಯ ಇದ್ದಂಗೆ. ಯಾರೂ ಹೇಳೋದೇ ಬ್ಯಾಡ, ಬಂದೋನೆ ಮೂಲೆ ನೋಡ್ಕಂಡು ಕಾಲು ನೀಡಿ ಕೂತ್ಕತಾನೆ.”

ಕೆಲಸದ ಹಿಂದಿನ ಸಂಜೆ ನಾನು ತೋಟಕ್ಕೆ ಹೋಗಿ ಜಲ್ಲಿಯನ್ನು ಡ್ರಮ್ಮಿನಲ್ಲಿ ನೆನೆಸಿ, ಬಸಿದು, ಒದ್ದೆ ಗೋಣಿಗಳನ್ನು ಮುಚ್ಚಿ ಬಂದೆ. ಬೆಳಿಗ್ಗೆ ತಾಯಿಯವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಅಲ್ಲಿಗೆ ತಲುಪಿದಾಗ, ಆ ಜಲ್ಲಿ ಟಾರ್ಪಾಲಿನ ಮೇಲೆ ಅಂಗೈ ದಪ್ಪಕ್ಕೆ ಹರವಿಕೊಂಡು ಬಿಸಿಲು ಕಾಯುತ್ತಿತ್ತು. ಚಿಕ್ಕಪ್ಪನವರು ಬರಿಗಾಲಿನಲ್ಲಿ ಅದರ ನಡುವೆ ನಡೆದು, ಕಾಲಿನಿಂದ ಸಾಲು ಎಳೆಯುತ್ತ ಹೊರಳಿಸುತ್ತಿದ್ದರು. ಬೆಳಕು ಹರಿಯುವ ಮೊದಲೇ ಬಂದು, ಒದ್ದೆ ಗೋಣಿಯ ಕೆಳಗೆ ಜಲ್ಲಿ ಮುಗ್ಗಲು ಹಿಡಿದೀತೆಂದು ಒಣಹಾಕಿದ್ದರು. ನಿನ್ನೆ ನೆನೆಸಿದ್ದೇಕೆ ಎಂದು ಅವರಿಗೆ ಹೇಳಲು ನಾನು ಮರೆತಿದ್ದೆ. ಕೈಯಲ್ಲಿ ಹಿಡಿದು ನೋಡಿದೆ. ಕಲ್ಲು ಬೆಚ್ಚಗಿತ್ತು, ಬೆಳ್ಳಗಾಗಿತ್ತು.

“ಚೆನ್ನಾಗಿ ಒಣಗೈತೆ ಮಗ,” ಎಂದರು ಚಿಕ್ಕಪ್ಪನವರು.

ಮೇಸ್ತ್ರಿ ಸೊಂಟದ ಮೇಲೆ ಕೈ ಇಟ್ಟು ನಿಂತರು. “ಏನ್ಲಾ, ಜಲ್ಲಿ ಏನ್ ರಾಗೀನಾ ಒಣಗಾಕಕ್ಕೆ? ಒಸಿ ಬುಟ್ಟಿದ್ರೆ ಒನೆದು ಕೇರಿರೋನು.”

“ನೀನು ನಿನ್ ಕರಣೆ ನೋಡ್ಕಳ್ಲಾ.”

ರಾಹುಕಾಲಕ್ಕೆ ಮುಂಚೆ ಕಾಂಕ್ರೀಟು ಬೀಳಬೇಕೆಂದು ಚಿಕ್ಕಪ್ಪನವರೇ ಹೊತ್ತು ನೋಡಿದ್ದರು. ಯಂತ್ರವೂ ಬಂದಿತ್ತು. ನಾನು ವಿಷಯ ತಿಳಿಸಿದೆ: ಈ ಜಲ್ಲಿ ಹೀಗೆಯೇ ಹೋದರೆ ಕಾಂಕ್ರೀಟು ಬಿಗಿಯುತ್ತದೆ, ಬಿಗಿದರೆ ಕುಕ್ಕಬೇಕಾಗುತ್ತದೆ. ತಾಯಿಯವರು ಹೊಂಗೆ ಮರದ ಕೆಳಗೆ ಕುಳಿತಿದ್ದರು. ಅವರಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಚಿಕ್ಕಪ್ಪನವರಿಗೆ ಕೇಳಿಸಿತು. ಅವರು ಹನಿ ನೀರಾವರಿಯ ಪೈಪು ಕಿತ್ತು ಟಾರ್ಪಾಲಿನ ಕಡೆಗೆ ಎಳೆದುಕೊಂಡು ಬಂದರು. ಪುನಃ ಡ್ರಮ್ಮಿಗೆ ತುಂಬಿ ನೆನೆಸಿದೆವು. ಈ ಜಲ್ಲಿ ಕುಡಿಯುವ ನೀರಿನ ಬಹುಪಾಲನ್ನು ಮೊದಲ ಕೆಲವು ನಿಮಿಷಗಳಲ್ಲೇ ಕುಡಿದುಬಿಡುತ್ತದೆ, ಉಳಿದದ್ದನ್ನು ನಿಧಾನವಾಗಿ ಎಳೆಯುತ್ತದೆ. ನನಗಿದ್ದ ಭರವಸೆ ಆ ಬಹುಪಾಲು ಮಾತ್ರ.

ಮೊದಲ ಮಿಶ್ರಣವನ್ನು ತಗಡಿನ ಹಾಳೆಯ ಮೇಲೆ ಪರೀಕ್ಷಿಸಿದೆ. ಶಂಕುವಿನ ಆಕಾರದ ಡಬ್ಬಿಯಲ್ಲಿ ತುಂಬಿ ಮೇಲೆತ್ತಿದರೆ ಅದು ದೋಸೆ ಹಿಟ್ಟಿನಂತೆ ದುಂಡಗೆ ಹರಡಬೇಕು. ಹರಡಿತು. ನಡುವೆ ಜಲ್ಲಿ ಗುಪ್ಪೆಯಾಗಿ ಉಳಿಯಲಿಲ್ಲ, ಅಂಚಿನಲ್ಲಿ ನೀರು ಬಿಡಲಿಲ್ಲ. ಅಗಲ ನಾನು ಬಯಸಿದ್ದಕ್ಕಿಂತ ಕಡಿಮೆಯಿತ್ತು. ಹಾಕಬಹುದು ಎಂದೆ.

ತಲೆಯ ಕಡೆಯಿಂದ ಸುರಿಯಲು ಆರಂಭಿಸಿದೆವು. ಬಾಣಲಿಯಿಂದ ಇಳಿದದ್ದು ಕಂಬಿಗಳ ನಡುವೆ ಹಾದು, ಹಲಗೆಯ ಬದಿಗೆ ಮುಟ್ಟಿ, ಮುಂದಕ್ಕೆ ಸರಿಯಿತು. ಸದ್ದು ಇರಲಿಲ್ಲ. ಮೇಸ್ತ್ರಿಯವರು ಅಭ್ಯಾಸದಂತೆ ಕಂಬಿ ಹಿಡಿದು ನಿಂತಿದ್ದರು. ಅದನ್ನು ಏನು ಮಾಡುವುದೆಂದು ತಿಳಿಯದೆ ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು, ಆಮೇಲೆ ಹಿಪ್ಪುನೇರಳೆ ಗಿಡಕ್ಕೆ ಒರಗಿಸಿದರು. ಎದೆಯ ಭಾಗ ತುಂಬಿತು. ಮೇಲ್ಮೈಯಲ್ಲಿ ಸಣ್ಣ ಗುಳ್ಳೆಗಳು ತಾವಾಗಿ ಎದ್ದು ಒಡೆದವು. ತಾಯಿಯವರು ಮರದ ಕೆಳಗಿನಿಂದ ಎದ್ದು ಬಂದು ಪಕ್ಕದಲ್ಲಿ ನಿಂತಿದ್ದರು.

ಬಿಸಿಲು ಏರಿದಂತೆ ಮಿಶ್ರಣ ಬಿಗಿಯತೊಡಗಿತು. ಮೇಸ್ತ್ರಿಯವರು ಒಂದು ಬಕೆಟ್ ನೀರು ಎತ್ತಿಕೊಂಡರು. ನೀರು ಬಿಟ್ಟರೆ ಜಲ್ಲಿ ತಳಕ್ಕಿಳಿದು ಬರಿ ಗಂಜಿ ಮೇಲೆ ನಿಲ್ಲುತ್ತದೆ, ಬೇಡ ಎಂದು ತಡೆದೆ. ಹರಿವಿಗಾಗಿ ಹಾಕುವ ದ್ರವ ಸ್ವಲ್ಪ ಉಳಿದಿತ್ತು, ಅದನ್ನು ಅಳೆದು ಹಾಕಿ ಯಂತ್ರವನ್ನು ಮತ್ತೆ ತಿರುಗಿಸಿದೆ. ಕೊನೆಯ ಬಾಣಲಿಗಳು ಹರಿದವು, ಆದರೆ ನಿಧಾನವಾಗಿ. ಕಾಲಿನ ಕಡೆ, ಪೂರ್ವದ ಮೂಲೆಯ ಹತ್ತಿರ ಬಂದು ನಿಂತುಬಿಟ್ಟವು. ಮೇಲೆ ಮಟ್ಟವಾಗಿ ಕಾಣುತ್ತಿತ್ತು. ಮೇಸ್ತ್ರಿಯವರು ಆ ಮೂಲೆಯ ಹಲಗೆಯನ್ನು ಹೊರಗಿನಿಂದ ಬೆರಳ ಗೆಣ್ಣಿನಿಂದ ತಟ್ಟಿದರು. ತಾಯಿಯವರು ಅವರ ಕಡೆ ನೋಡಿದಾಗ ಕೈ ಹಿಂದಕ್ಕೆ ತೆಗೆದುಕೊಂಡರು.

“ಇಲ್ಲೊಂದ್ ಕಡೆ ಟೊಳ್ಳೈತೆ ಕಣವ್ವ,” ಎಂದರು ನನಗೆ, ಮೆಲ್ಲಗೆ. “ಕಂಬಿ ಹಿಂದೆ ಇಳಿದಿಲ್ಲ. ಎರಡೇ ಎರಡು ಸಲ ಕುಕ್ಕಿದ್ರೆ ಮುಗ್ದೋಯ್ತದೆ.”

ಪ್ರಯೋಗಾಲಯದಲ್ಲಾಗಿದ್ದರೆ ಏನು ಹೇಳಬೇಕೆಂದು ಗೊತ್ತಿತ್ತು. ಚಿಕ್ಕಪ್ಪನವರು ಅತ್ತಿಗೆಯ ಬಳಿ ಹೋಗಿ, ಹೆಗಲ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಜಲ್ಲಿ ಒಣಹಾಕಿದ್ದು ತಮ್ಮಿಂದಾದ ತಪ್ಪು ಎಂಬುದು ಆ ಹೊತ್ತಿಗೆ ಅವರಿಗೆ ಅರ್ಥವಾಗಿತ್ತು.

“ಅತ್ಗೆ, ಅಲ್ಲಿ ಎದೆ ಬರಲ್ಲ. ಕಾಲು ಅದು, ಕಾಲ್ ಕಡೆ.”

“ಕಾಲೂ ಅವ್ರದೇ ಅಲ್ವಾ,” ಎಂದರು ತಾಯಿಯವರು.

ಆಮೇಲೆ ಅವರು ನನ್ನನ್ನು ಕೇಳಿದರು, ಹಾಗೆ ಬಿಟ್ಟರೆ ಬಿದ್ದುಹೋಗುತ್ತದೆಯೇ ಎಂದು. ಮೊಣಕಾಲೆತ್ತರದ ಕಟ್ಟೆ, ಮೇಲೆ ಯಾವ ಭಾರವೂ ಇಲ್ಲ, ಬೀಳುವುದಿಲ್ಲ ಎಂದೆ. ನೋಡಲು ಮಾತ್ರ ಚೆನ್ನಾಗಿರುವುದಿಲ್ಲ ಎಂದೆ.

“ಇರ್ಲಿ ಬುಡು.”

ಮೇಸ್ತ್ರಿಯವರು ಕರಣೆಯಿಂದ ಮೇಲ್ಭಾಗವನ್ನು ಒರೆಸಿದಂತೆ ನಯಗೊಳಿಸಿದರು, ಒತ್ತಲಿಲ್ಲ. ಚಿಕ್ಕಪ್ಪನವರು ಗೋಣಿಗಳನ್ನು ಮತ್ತೆ ಒದ್ದೆ ಮಾಡಿಕೊಂಡು ಬಂದು, ಈಗ ಮುಚ್ಚಬೇಕೋ ಬೇಡವೋ ಎಂದು ನನ್ನನ್ನು ಕೇಳಿದರು. ಸ್ವಲ್ಪ ಗಟ್ಟಿಯಾದ ಮೇಲೆ ಮುಚ್ಚಬೇಕು ಎಂದೆ. ಅವರು ಅವನ್ನು ಕೈಯಲ್ಲಿ ಹಿಡಿದುಕೊಂಡೇ ಕಾದರು. ತಾಯಿಯವರು, “ಸದ್ದೇ ಬರ್ಲಿಲ್ಲ,” ಎಂದರು. ಯಾರಿಗೆ ಹೇಳಿದ್ದೆಂದು ತಿಳಿಯದು. ನಾವು ಊಟಕ್ಕೆ ಕುಳಿತೆವು.

ಹಲಗೆ ತೆಗೆದಾಗ ಮೂರು ಮೂಲೆಗಳು ಗಾಜಿನಂತೆ ನಯವಾಗಿದ್ದವು. ನಾಲ್ಕನೆಯದರಲ್ಲಿ, ನಿರೀಕ್ಷಿಸಿದಂತೆ, ಅಂಗೈಯಗಲ ಜೇನುಗೂಡಿನ ಹಾಗೆ ತೂತುಗಳಿದ್ದು ಒಳಗಿನ ಜಲ್ಲಿ ಕಾಣುತ್ತಿತ್ತು. ಜಲ್ಲಿಯ ಮೇಲೆ ಹಳೆಯ ಗಾರೆ ಹಾಗೆಯೇ ಅಂಟಿಕೊಂಡಿತ್ತು. ಒಂದು ಕಲ್ಲಿನ ಮುಖದಲ್ಲಿ ತಿಳಿನೀಲಿ ಸುಣ್ಣ ಸ್ವಲ್ಪ ಉಳಿದಿತ್ತು, ಮನೆಯೊಳಗೆ ಮಲಗಿದರೆ ಮೇಲೆ ಕಾಣುತ್ತಿದ್ದ ಬಣ್ಣ. ಬೇರೆಯವರ ಕೆಲಸದಲ್ಲಿ ಇಂತಹ ಮೂಲೆಯನ್ನು ಕಂಡಿದ್ದರೆ ತಿರಸ್ಕರಿಸಲು ನಾನೇ ಶಿಫಾರಸು ಮಾಡುತ್ತಿದ್ದೆ.

ವರ್ಷದ ತಿಥಿ ಸಮಾಧಿಯ ಮುಂದೆ ಸುಸೂತ್ರವಾಗಿ ನಡೆಯಿತು. ಬಂದವರಲ್ಲಿ ಕೆಲವರು ಆ ಮೂಲೆಯನ್ನು ತೋರಿಸಿ ಮೇಸ್ತ್ರಿಯನ್ನು ಛೇಡಿಸಿದರು. ಅವರು ನನ್ನ ಕಡೆ ನೋಡಿ ಸುಮ್ಮನಾದರು. ಈಗಲೂ ಎದುರಿಗೆ ಸಿಕ್ಕಾಗಲೆಲ್ಲ, ಒಂದು ಬಾಣಲಿ ಗಾರೆ ಬಳಿದುಬಿಡುತ್ತೇನೆ, ಕುಕ್ಕುವ ಮಾತೇ ಇಲ್ಲ ಎನ್ನುತ್ತಾರೆ. ತಾಯಿಯವರು ಒಪ್ಪಿಲ್ಲ. ಅಮಾವಾಸ್ಯೆಗೆ ನಾವು ತೋಟಕ್ಕೆ ಹೋದಾಗ ಅವರು ಪೂಜೆ ಮುಗಿಸಿ, ಆ ಮೂಲೆಯ ಪಕ್ಕದಲ್ಲಿ ಕುಳಿತು, ಏಳುವಾಗ ಅದನ್ನೇ ಊರಿಕೊಂಡು ಏಳುತ್ತಾರೆ.

ಕಳೆದ ಬಾರಿ ಹಾಗೆ ಕುಳಿತಿದ್ದಾಗ ಕೇಳಿದರು: “ಒಳಗೆಲ್ಲ ಕೂತೈತಾ?”

“ಕೂತೈತೆ,” ಎಂದೆ.

ಈ ಉತ್ತರದ ಬಗ್ಗೆ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕಾಗಿದೆ. ಪ್ರತಿ ಕಾಂಕ್ರೀಟಿನಲ್ಲೂ ಸ್ವಲ್ಪವನ್ನು ಸಣ್ಣ ಅಚ್ಚುಗಳಲ್ಲಿ ತುಂಬಿಸಿಟ್ಟು, ಗಟ್ಟಿಯಾದ ಮೇಲೆ ಯಂತ್ರದಲ್ಲಿ ಒಡೆದು ನೋಡುವುದು ನಮ್ಮಲ್ಲಿ ನಿಯಮ. ಅಂದು ನಾನು ಅಚ್ಚುಗಳನ್ನು ಒಯ್ದಿರಲಿಲ್ಲ. ಇನ್ನು ಕಟ್ಟಿರುವುದನ್ನೇ ಪರೀಕ್ಷಿಸುವುದಾದರೆ, ಅದಕ್ಕೆಂದೇ ಇರುವ ಒಂದು ಸುತ್ತಿಗೆಯಿಂದ ಅಲ್ಲಲ್ಲಿ ಹೊಡೆದು ನೋಡಬೇಕು. ಆ ಸುತ್ತಿಗೆ ಪ್ರಯೋಗಾಲಯದಲ್ಲಿ ನನ್ನ ಮೇಜಿನ ಖಾನೆಯಲ್ಲಿಯೇ ಇರುತ್ತದೆ. ಒಯ್ದಿಲ್ಲ.